ಹದಿನಾರಾಣೆಯಿಂದ ನೂರು ಪೈಸೆಗೆ

ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಕಾಸು ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡು ಬೆಳೆದವರಲ್ಲಿ ಇಂದು ಉಳಿದಿರತಕ್ಕವರು ಕೆಲವರೇ ಆದರೂ, ಆ ಲೆಕ್ಕವು ಶಾಸನೋಕ್ತವಾಗಿ ಕೊನೆಗೊಂಡು ರೂಪಾಯಿಯು ನೂರು ಸಮಭಾಗಗಳಾದ ದಿನದ ನೆನಪು ಅವರಲ್ಲಿ ಆಶ್ಚರ್ಯವಾಗುವಷ್ಟು ನಿಚ್ಚಳವಾಗಿ ಉಳಿದಿದೆ. ಆ ದಿನ ೧೯೫೭ನೆಯ ಇಸವಿಯ ಏಪ್ರಿಲ್ ೧, ಸೋಮವಾರ. ಚದುರಿಹೋಗಿದ್ದ ಕನ್ನಡ ಪ್ರಾಂತಗಳು ಒಂದುಗೂಡಿ ಆಗಿನ್ನೂ ಐದು ತಿಂಗಳು ಕಳೆದಿದ್ದುವಷ್ಟೆ. ಹೊಸ ರಾಜ್ಯದ ಗಡಿಗಳನ್ನು ಮನಸ್ಸಿಗೆ ತಂದುಕೊಳ್ಳುತ್ತಿದ್ದ ಜನ ಹೊಸ ನಾಣ್ಯದ ಲೆಕ್ಕವನ್ನೂ ಕಲಿಯಬೇಕಾಯಿತು.

ಈ ಪದ್ಧತಿ ಪ್ರಪಂಚಕ್ಕೆ ಹೊಸದಾಗಿರಲಿಲ್ಲ. ರಷ್ಯದ ರೂಬಲ್ಲು ೧೭೦೪ರಲ್ಲಿಯೇ ನೂರು ಕೊಪೆಕ್ಕುಗಳಾಗಿ ವಿಭಾಗಗೊಂಡಿತ್ತು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ೧೭೯೨ರಲ್ಲಿ ಆ ಮಾರ್ಗವನ್ನು ಹಿಡಿದುವು. ನಮ್ಮ ನೆರೆಯ ಸಿಂಹಳದ ರೂಪಾಯಿಯು ೧೮೭೨ರಿಂದಲೇ ನೂರು ಸೆಂಟುಗಳದಾಗಿತ್ತು. ಮೈಸೂರಿನವರಾದ ನಾವು ಇಲ್ಲಿ ಇನ್ನೊಂದು ಮಾತನ್ನು ಅಭಿಮಾನದಿಂದ ಸೇರಿಸಬಹುದು: ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಅಚ್ಚುಹಾಕಿಸಿದ ಕಂಠೀರಾಯಿ ಹಣಗಳು ಹತ್ತು ಸೇರಿದರೆ ಲೆಕ್ಕದಲ್ಲಿ ಒಂದು ವರಹವಾಗುತ್ತಿದ್ದಿತು. ಆದರೆ ಇಡೀ ಭಾರತಕ್ಕೆ ದಶಮಾನ ಬರುವುದಕ್ಕೆ ಸ್ವಾತಂತ್ರ್ಯವೇ ಬರಬೇಕಾಯಿತು. ೧೯೪೬ರಲ್ಲಿ ಮಂಡಿತವಾದ ಮಸೂದೆ ಹಾಗೆಯೇ ಬಿದ್ದುಹೋಗಿ, ಚಿಂತಾಮಣ ದೇಶಮುಖರು ಹಣಕಾಸಿನ ಸಚಿವರಾಗಿದ್ದ ೧೯೫೫ರಲ್ಲಿ ನಾಣ್ಯಶಾಸನಕ್ಕೆ ತಿದ್ದುಪಡಿಯಾಗಿ, ಅದು ಜಾರಿಗೆ ಬಂದುದು ಮೇಲೆ ಹೇಳಿದ ಸೋಮವಾರದಂದು. ರೂಪಾಯಿಯ ನೂರನೆಯ ಭಾಗಕ್ಕೆ ‘ನಯಾಪೈಸೆ’, ಎಂದರೆ ಹೊಸ ಪೈಸೆ, ಎಂದು ಹೆಸರಾಯಿತು. ಭಾರತದ ಭೂಪಟವುಳ್ಳ ಹೊಸ ಅಂಚೆಚೀಟಿಗಳೂ ಅಂದೇ ನಯಾಪೈಸೆಯ ಬೆಲೆಯನ್ನು ಹೊತ್ತು ಹೊರಬಂದುವು.

ನನ್ನನ್ನು ಈ ವಿಷಯದ ಕಡೆಗೆ ಸೆಳೆದುದು ಈ ಚರಿತ್ರೆಯಲ್ಲ, ಒಂದು ಕೋಷ್ಟಕ. ತಿಪಟೂರಿನ ಅಂಗಡಿಬೀದಿಯಲ್ಲಿ ಬಹುಕಾಲ ದಿನಸಿ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವ ಶೆಟ್ಟರೊಬ್ಬರು, ತಮ್ಮ ತಂದೆಯವರ ಕಾಲದ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದ್ದ, ಅಂಚು ಸವೆದು ಬಣ್ಣ ಕಂದಿದ ಅದನ್ನು ನನಗೆ ತೋರಿಸಿದರು. ಒಂದಾಣೆಗೆ ೬ ನಯಾಪೈಸೆ, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫. ಹೀಗೆ ಹದಿನಾರು ಸಾಲು. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು ಬರುವುದರಿಂದಲೂ, ಕಾಲು ನಯಾಪೈಸೆಯೆಂಬ ನಾಣ್ಯ ಇಲ್ಲದುದರಿಂದಲೂ, ಅರ್ಧಕ್ಕಿಂತ ಹೆಚ್ಚಿನದನ್ನು ಪೂರ್ಣಮಾಡಿ ಅರ್ಧವನ್ನೂ ಅದಕ್ಕೆ ಕಡಮೆಯಾದುದನ್ನೂ ಕೈಬಿಡಬೇಕೆಂಬುದು ನಿಯಮವಾಗಿದ್ದಿತು. ಆದಕಾರಣ ನಾಲ್ಕು, ಎಂಟು, ಹನ್ನೆರಡು, ಹದಿನಾರು ಆಣೆಗಳಲ್ಲಿ ಮಾತ್ರ ಎರಡು ಲೆಕ್ಕಗಳೂ ಸರಿಯಾಗಿ ಕೂಡುತ್ತಿದ್ದುವು; ಉಳಿದ ಹನ್ನೆರಡು ಸಾಲುಗಳಲ್ಲಿಯೂ ಯಾರಿಗೋ ಒಂದಿಷ್ಟು ಲಾಭ, ಯಾರಿಗೋ ಒಂದಿಷ್ಟು ನಷ್ಟ.

“ನಾಲ್ಕಾಣೆಗೆ ಇಪ್ಪತ್ತೈದು ಅಂದ್ರೆ ಯಾರೂ ತಕರಾರು ಮಾಡ್ತಿರ್ಲಿಲ್ಲ ಸ್ವಾಮಿ, ಜಗಳ ಎಲ್ಲಾ ಬಿಡಿಕಾಸಿನವರದ್ದೇ” ಎಂದರು ಶೆಟ್ಟರು. ಆ ಮಾತಿನ ಅರ್ಥ ನನಗೆ ಹೊಳೆದುದು ಕಾಗದದ ಮೇಲೆ ಲೆಕ್ಕ ಬರೆದಾಗ. ಒಂದಾಣೆಯ ಸಾಮಾನನ್ನು ನಾಲ್ಕು ಸಲ ಬಿಡಿಬಿಡಿಯಾಗಿ ಕೊಂಡವನು ೨೪ ನಯಾಪೈಸೆ ಕೊಡುತ್ತಿದ್ದನು. ಅಲ್ಲಿ ನಷ್ಟ ಅಂಗಡಿಯವನದು. ಆದರೆ ಹಳೆಯ ಒಂದು ಪೈಸೆಗೆ, ಎಂದರೆ ಮೂರು ಕಾಸಿಗೆ, ಕೋಷ್ಟಕದ ಬೆಲೆ ೨ ನಯಾಪೈಸೆ. ಮೂರು ಕಾಸಿನ ಎಲೆಯಡಿಕೆಯನ್ನು ನಾಲ್ಕು ಸಲ ಹೊಸ ನಾಣ್ಯ ಕೊಟ್ಟು ಕೊಂಡ ಕೂಲಿಯವನು ಒಂದಾಣೆಯ ಮಾಲಿಗೆ ಆರರ ಬದಲು ಎಂಟನ್ನು ತೆರುತ್ತಿದ್ದನು. ಅರವತ್ತನಾಲ್ಕು ಸಲ ಕೊಂಡರೆ ಒಂದು ರೂಪಾಯಿಯ ಮಾಲಿಗೆ ಒಂದು ರೂಪಾಯಿ ಇಪ್ಪತ್ತೆಂಟು ನಯಾಪೈಸೆ. ದೇಶಕ್ಕೆ ಒಳಿತಾದ ಒಂದು ಸುಧಾರಣೆಯ ಸಂಕ್ರಮಣಕಾಲದ ಭಾರವು, ಅತ್ಯಂತ ಕಿರಿಯ ಮೊತ್ತದಲ್ಲಿ ದಿನ ದೂಡುವವನ ಹೆಗಲಿಗೆ ಬೀಳುವ ಬಗೆ ಇದು.

ಶೆಟ್ಟರ ತಂದೆಯವರು ಇದಕ್ಕೆ ತಮ್ಮದೇ ಆದ ಪರಿಹಾರವೊಂದನ್ನು ಕಂಡುಕೊಂಡಿದ್ದರು. ವರ್ತನೆಯ ಗಿರಾಕಿಗಳ ಲೆಕ್ಕವನ್ನು ಕಡತದಲ್ಲಿ ಆಣೆ ಪೈಸೆಗಳಲ್ಲಿಯೇ ಬರೆಯುತ್ತ ಹೋಗಿ, ತಿಂಗಳ ಕೊನೆಗೆ ಮೊತ್ತವನ್ನು ಒಂದೇ ಸಲ ನಯಾಪೈಸೆಗೆ ಪರಿವರ್ತಿಸುತ್ತಿದ್ದರಂತೆ. ಹಾಗೆ ಮಾಡಿದರೆ ಎಷ್ಟೇ ವ್ಯತ್ಯಾಸ ಬಂದರೂ ಅರ್ಧ ನಯಾಪೈಸೆಯನ್ನು ಮೀರದು. ಯಾವ ಸರಕಾರಿ ಪ್ರಕಟಣೆಯನ್ನೂ ಓದಿ ಕಲಿತದ್ದಲ್ಲ ಅದು. ಆ ನ್ಯಾಯಬುದ್ಧಿಯನ್ನು ನಾನು ಟಂಕಸಾಲೆಯ ಕೌಶಲಕ್ಕಿಂತ ಕಿರಿದೆಂದು ಎಣಿಸಲಾರೆ.

ಟಂಕಸಾಲೆಯ ಕೌಶಲವೂ ಸಾಮಾನ್ಯವಾದುದಲ್ಲ. ಮುಂಬಯಿ, ಕಲ್ಕತ್ತ, ಹೈದರಾಬಾದುಗಳಲ್ಲಿ ಅಚ್ಚಾದ ಒಂದು ನಯಾಪೈಸೆ ಕಂಚಿನದು, ದುಂಡನೆಯದು, ಹದಿನಾರು ಮಿಲಿಮೀಟರಿನಷ್ಟೇ ಅಗಲವಾದುದು. ಎರಡರದು ಮತ್ತು ಹತ್ತರದು ಅಲೆಯಂಚಿನವು. ಐದರದು ಮೂಲೆ ದುಂಡಗಾದ ಚೌಕ. ಇಪ್ಪತ್ತೈದು ಮತ್ತು ಐವತ್ತರವು ನಿಕ್ಕಲಿನ ದುಂಡು ಬಿಲ್ಲೆಗಳು. ಒಂದು ಮುಖದಲ್ಲಿ ಅಶೋಕಸ್ತಂಭದ ಸಿಂಹಗಳು. ಇನ್ನೊಂದರಲ್ಲಿ ಅಂಕಿ, ಇಸವಿ, ಮತ್ತು ಇದು ರೂಪಾಯಿಯ ಎಷ್ಟನೆಯ ಭಾಗವೆಂಬ ವಿವರಣೆ. ಆ ವಿವರಣೆ ಇದ್ದುದು ನಾಗರೀ ಲಿಪಿಯ ಹಿಂದಿಯಲ್ಲಿ. ಅದನ್ನು ಓದಲಾರದ ಹಳ್ಳಿಯ ಮುದುಕಿಗೂ, ಕಣ್ಣಿಲ್ಲದವನಿಗೂ, ಕತ್ತಲೆಯಲ್ಲಿ ಚಿಲ್ಲರೆ ಎಣಿಸುವ ಜಟಕಾದವನಿಗೂ ಬೆರಳ ತುದಿಯೇ ಬೆಲೆಯನ್ನು ಹೇಳಿಬಿಡುತ್ತಿದ್ದಿತು. ಹೊಸ ಸಾಲಿನಲ್ಲಿ ನನಗೆ ಕೊರತೆಯಾಗಿ ತೋರುವುದು ಒಂದೇ: ಗಣರಾಜ್ಯದ ಮೊದಲ ನಾಣ್ಯಗಳಲ್ಲಿ ಪೈಸೆಯ ಮೇಲೆ ಓಡುತ್ತಿದ್ದ ಕುದುರೆ, ಆಣೆಯ ಮೇಲೆ ನಿಂತಿದ್ದ ಬಸವ, ರೂಪಾಯಿಯ ಮೇಲಿದ್ದ ತೆನೆಗಳು ಇದರಲ್ಲಿ ಇಲ್ಲವಾದುವು.

ತರುವಾಯದ ಕಥೆ ಬೇಗ ಮುಗಿಯತಕ್ಕದ್ದು. ೧೯೬೪ರ ಜೂನ್ ಒಂದರಂದು ‘ನಯಾ’ ಎಂಬ ವಿಶೇಷಣ ಬಿಟ್ಟುಹೋಯಿತು. ಅದೇ ವರ್ಷ ಆರು ಮೂಲೆಯ ಮೂರು ಪೈಸೆಯೊಂದಿಗೆ ಅಲ್ಯೂಮಿನಿಯಮ್ಮು ಬಂದು, ಕಿರಿಯ ನಾಣ್ಯಗಳೆಲ್ಲ ಕ್ರಮೇಣ ಹಗುರಾದುವು. ಬೆಲೆಗಳು ಏರಿದಂತೆ ಅವು ಕೈಯಿಂದ ಕೈಗೆ ಹೋಗುವುದನ್ನು ನಿಲ್ಲಿಸಿದುವು. ೨೦೧೧ರ ಜೂನ್ ೩೦ರಂದು ಇಪ್ಪತ್ತೈದು ಪೈಸೆಯೂ ಅದಕ್ಕೆ ಕೆಳಗಿನವೂ ಚಲಾವಣೆಯಿಂದ ಹೊರಬಿದ್ದುವು. ಐವತ್ತು ಪೈಸೆಗೆ ಶಾಸನದ ಮನ್ನಣೆ ಇನ್ನೂ ಉಳಿದಿದೆಯಾದರೂ ಅಂಗಡಿಯಲ್ಲಿ ಅದನ್ನು ಕೊಡುವವರೂ ಇಲ್ಲ, ಕೊಟ್ಟರೆ ತೆಗೆದುಕೊಳ್ಳುವವರೂ ವಿರಳ. ಯಾವ ನೂರನೆಯ ಭಾಗಕ್ಕಾಗಿ ಇಷ್ಟೆಲ್ಲ ಏರ್ಪಾಡು ನಡೆದಿತ್ತೋ ಅದು ಈಗ ಬ್ಯಾಂಕಿನ ಲೆಕ್ಕದಲ್ಲಿಯೂ ಪೆಟ್ರೋಲಿನ ಬೆಲೆಯಲ್ಲಿಯೂ ಬಿಂದುವಿನ ಬಲಕ್ಕೆ ನಿಂತ ಅಂಕಿ ಮಾತ್ರ.

ದಶಮಾಂಶವನ್ನು ಶಾಲೆಯಲ್ಲಿ ಇಂದಿಗೂ ರೂಪಾಯಿ ಪೈಸೆಗಳ ಉದಾಹರಣೆಯಿಂದಲೇ ಕಲಿಸುತ್ತಾರೆ. ಕಲಿಯುವ ಮಕ್ಕಳು ಪೈಸೆಯನ್ನು ಕಂಡವರಲ್ಲ. ಹಳೆಯ ಮನೆಗಳ ದೇವರ ಗೂಡುಗಳಲ್ಲಿ, ಅಜ್ಜಿಯರ ಅಡಕೆಚೀಲಗಳಲ್ಲಿ ಈ ಆರು ನಾಣ್ಯಗಳು ಇನ್ನೂ ಅಲ್ಲಲ್ಲಿ ದೊರೆಯುತ್ತವೆ. ಮನೆ ಕೆಡಹುವಾಗ ಅವುಗಳನ್ನು ಹಿತ್ತಾಳೆ ತಾಮ್ರದ ಜೊತೆಗೆ ತೂಕಕ್ಕೆ ಹಾಕುವ ಬದಲು ಊರಿನ ಶಾಲೆಗೆ ಕೊಟ್ಟರೆ, ಒಂದು ತರಗತಿಯ ಮಕ್ಕಳಾದರೂ ಕಣ್ಣುಮುಚ್ಚಿ ಐದನ್ನೂ ಹತ್ತನ್ನೂ ಬೆರಳಿನಿಂದ ಬೇರ್ಪಡಿಸಬಲ್ಲರು.