ಹಗೇವು ತುಂಬಿದ ಲ್ಯಾಪ್‌ಟಾಪ್

ಪಾಸ್‌ವರ್ಡ್ ಸರಿಯಾಗಿಯೇ ಹೊಡೆಯುತ್ತಿದ್ದೆ, ಚುಕ್ಕೆಗಳೂ ಲೆಕ್ಕಕ್ಕೆ ಸರಿಯಾಗಿ ಮೂಡುತ್ತಿದ್ದವು. ಆದರೂ ಒಳಗೆ ಬಿಡದು. ಮೂರನೇ ಸಲಕ್ಕೆ ಹೊಳೆಯಿತು: ಹಿಂದಿನ ರಾತ್ರಿ ಹುರುಪಿನಲ್ಲಿ ಕೀಲಿಮಣೆಯನ್ನು ಪೂರ್ತಿ ಕನ್ನಡಕ್ಕೆ ತಿರುಗಿಸಿದ್ದೆ. ನಾನು ಒತ್ತಿದ ಇಂಗ್ಲಿಷಿನ ‘ಕೆ’ ಯಂತ್ರಕ್ಕೆ ‘ಕ’ ಆಗಿತ್ತು. ಚುಕ್ಕೆಗೆ ಯಾವ ಭಾಷೆ!

ಹೊರಗೆ ಮಂದಿಯನ್ನು ಸತ್ತೂರಿನಲ್ಲಿ ಇಳಿಸಿ ಚಿಗರಿ ಬಸ್ಸು ಮುಂದೆ ಹೋಗುತ್ತಿತ್ತು. ನಾನು ನನ್ನದೇ ಲ್ಯಾಪ್‌ಟಾಪಿನ ಹೊಸ್ತಿಲಲ್ಲಿ ಕೂತಿದ್ದೆ. ಚಹಾ ತಂದ ಅವ್ವ, “ಹಳೇದಕ್ಕ ಏನಾಗಿತ್ತಪಾ? ಚೊಲೋನ ನಡೀತಿತ್ತಲ್ಲ” ಎಂದಳು.

ಗ್ನೂ ಗೀಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡ ಮೊದಲ ವಾರದ ಕತೆಯಿದು. ಲುಡೋವಿಕ್ ಕೂರ್ತೆಸ್ 2012ರಲ್ಲಿ ಶುರುಮಾಡಿ, 2019ರಲ್ಲಿ 1.0 ಆವೃತ್ತಿ ಮುಟ್ಟಿದ ಮುಕ್ತ ತಂತ್ರಾಂಶ. ಇದರ ಮಡಿ ಜೋರು: ಮೂಲ ಸಂಕೇತ ತೋರಿಸದ ತುಣುಕನ್ನು ಕರ್ನಲ್ ಹತ್ತಿರವೂ ಸೇರಿಸದು. ನನ್ನ ವೈಫೈಗೆ ಅಂಥದ್ದೇ ತುಣುಕು ಬೇಕಿದ್ದರಿಂದ ಅದು ಮೊದಲ ದಿನವೇ ಕೈಕೊಟ್ಟಿತು. ಮೊಬೈಲಿಗೆ ಕೇಬಲ್ ಹಚ್ಚಿ ನೆಟ್ ಎಳೆದುಕೊಂಡೆ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದವರಿಗೆ ಇದನ್ನು ಹಾಕಿಕೊಳ್ಳಿ ಎನ್ನಲಾರೆ.

ನನ್ನನ್ನು ಹಿಡಿದಿಟ್ಟದ್ದು ಗೀಕ್ಸ್ ತಂತ್ರಾಂಶಗಳನ್ನು ಇಡುವ ಪ್ಯಾಕೇಜ್ ಪದ್ಧತಿ. ಬೇರೆ ಕಡೆ ಹೊಸ ಆವೃತ್ತಿ ಹಳೆಯದನ್ನು ಒರೆಸಿ ಕೂರುತ್ತದೆ. ಇಲ್ಲಿ ಪ್ರತಿಯೊಂದಕ್ಕೂ ‘ಗ್ನೂ ಸ್ಟೋರ್’ನಲ್ಲಿ ಬೇರೆಯೇ ಫೋಲ್ಡರ್, ಹೆಸರಿನ ಮುಂದೆ 32 ಅಕ್ಷರ-ಅಂಕಿಗಳ ಗುರುತು. ಅದನ್ನು ಕಟ್ಟಲು ಬಳಸಿದ್ದರಲ್ಲಿ ಒಂದು ಕಾಳು ಬದಲಾದರೂ ಗುರುತು ಬದಲು, ಫೋಲ್ಡರೂ ಬೇರೆ. ನಮ್ಮ ಕಡೆ ನೆಲದಡಿ ಜೋಳ ತುಂಬುತ್ತಿದ್ದ ಹಗೇವು ನೆನಪಾಯಿತು: ಒಂದನ್ನು ತೆಗೆದರೆ ಪಕ್ಕದ್ದರ ಬಾಯಿಮುಚ್ಚಳ ಅಲುಗದು. ಈ ವಿಚಾರದ ಬೇರು ನಿಕ್ಸ್ ಎಂಬ ಹಿಂದಿನ ಪ್ಯಾಕೇಜ್ ವ್ಯವಸ್ಥೆಯಲ್ಲಿದೆ. ಏಲ್ಕೊ ಡಾಲ್ಸ್ಟ್ರಾ 2006ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪಿಎಚ್‌ಡಿ ಪ್ರಬಂಧ ಅದರ ಕುರಿತದ್ದೇ. ಹಗೇವಿನಂತೆ ಗೀಕ್ಸೂ ಜಾಗ ನುಂಗುತ್ತದೆ; ಡಿಸ್ಕ್ ತುಂಬಿತೆಂದು ಕಂಡಾಗ ‘ಗೀಕ್ಸ್ ಜಿಸಿ’ ಎಂಬ ಆಜ್ಞೆ ಕೊಟ್ಟು ಬೇಡದ್ದನ್ನು ನಾವೇ ಗುಡಿಸಬೇಕು.

ಇನ್ನೊಂದು ಸಂಗತಿಯಂತೂ ನಂಬಲು ಹೊತ್ತು ಹಿಡಿಯಿತು. 2023ರಿಂದ ಇದರ ಸಾವಿರಾರು ಪ್ಯಾಕೇಜುಗಳನ್ನು 357 ಬೈಟ್‌ಗಳ ಒಂದು ಬೀಜದಂಥ ಪ್ರೋಗ್ರಾಮಿನಿಂದ ಮೂಲ ಸಂಕೇತದ ಮೂಲಕವೇ ಹಂತಹಂತವಾಗಿ ಬೆಳೆಸಬಹುದು. ಯುನಿಕೋಡ್ ಕಡತದಲ್ಲಿ ಸಾಮಾನ್ಯವಾಗಿ ಕನ್ನಡದ ಒಂದು ಚಿಹ್ನೆಗೇ 3 ಬೈಟ್ ಬೇಕು. ಅಂದರೆ ಆ ಬೀಜವಿಡೀ 119 ಚಿಹ್ನೆಯಷ್ಟೇ, ಪೋಸ್ಟ್‌ಕಾರ್ಡಿನ ನಾಲ್ಕೈದು ಸಾಲು!

ಕನ್ನಡ ಮಾತ್ರ ಮೊದಲು ಬರೀ ಖಾಲಿ ಡಬ್ಬಿಗಳಾಗಿ ಕಂಡಿತು. ನೋಟೊ ಫಾಂಟ್ ಹಾಕಿದ ಮೇಲೆ ಡಬ್ಬಿಗಳಿದ್ದಲ್ಲಿ ಅಕ್ಷರ ತುಂಬಿದವು. ಕೀಲಿಮಣೆಗೆ ಹುಡುಕಾಡಲಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ವಂಶದ ‘ಕಗಪ’ ಲಿನಕ್ಸ್ ಲೋಕದಲ್ಲಿ ಮೊದಲೇ ಇದೆ. ಸಂರಚನೆಯಲ್ಲಿ ಅದೊಂದನ್ನೇ ಬರೆದು ಇಂಗ್ಲಿಷನ್ನು ಮರೆತದ್ದು ನನ್ನ ತಪ್ಪು.

ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಶುರುವಿನ ಪಟ್ಟಿಯಲ್ಲಿ ಹಳೆಯ ‘ಜನರೇಷನ್’ಗಳು, ಅಂದರೆ ವ್ಯವಸ್ಥೆಯ ಹಿಂದಿನ ರೂಪಗಳು, ಸಾಲಾಗಿ ನಿಂತಿದ್ದವು. ಮೊನ್ನೆಯದನ್ನು ಆರಿಸಿದೆ, ಪಾಸ್‌ವರ್ಡ್ ಒಂದೇ ಸಲಕ್ಕೆ ಒಪ್ಪಿತು. ಸಂರಚನೆಯ ಕಡತ ತೆರೆದು ಎರಡೂ ಕೀಲಿಮಣೆ ಬರೆದೆ. ಸ್ಕೀಮ್ ಭಾಷೆಯ ಕಡತವದು, ಕಂಸಗಳ ಕಾಡು. ಒಂದು ಕಂಸ ಮುಚ್ಚುವುದು ಉಳಿದಿತ್ತು. ಗೀಕ್ಸ್ ಕಟ್ಟಲು ಒಪ್ಪದೆ ಸಾಲಿನ ಸಂಖ್ಯೆ ಹೇಳಿತು.

“ಹತ್ತಿತೇನು?” ಅವ್ವ ಒಳಗಿನಿಂದ ಕೂಗಿದಳು.

“ಹತ್ತೇತಿ ಬೇ. ಒಂದ ಕಂಸ ಉಳದೈತಿ.”