ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು: ಓದುಗರ ಅಭಿಪ್ರಾಯ

ಎನ್. ನರಸಿಂಹಯ್ಯ (1925–2011) ಕನ್ನಡದ ಜನಪ್ರಿಯ ಪತ್ತೇದಾರಿ ಕಾದಂಬರಿಕಾರರು. ಚಿಕ್ಕಮಗಳೂರಿನಲ್ಲಿ ಜನಿಸಿದ ಇವರ ಶಾಲಾ ಶಿಕ್ಷಣ ನಾಲ್ಕನೆಯ ತರಗತಿಗೇ ನಿಂತಿತು. ಜೀವನೋಪಾಯಕ್ಕಾಗಿ ಬಸ್ ಕಂಡಕ್ಟರ್ ಆಗಿಯೂ ದುಡಿದರು. ಇವರ ಮೊದಲ ಕಾದಂಬರಿ 'ಪತ್ತೇದಾರ ಪುರುಷೋತ್ತಮ' 1952ರಲ್ಲಿ ಪ್ರಕಟವಾಯಿತು. ಇವರು ರಚಿಸಿದ ಕಾದಂಬರಿಗಳ ಸಂಖ್ಯೆ 500ನ್ನು ಮೀರುತ್ತದೆ. ಪುರುಷೋತ್ತಮ, ಮಧುಸೂದನ, ಅರಿಂಜಯ ಇವರು ಸೃಷ್ಟಿಸಿದ ಪತ್ತೇದಾರರಲ್ಲಿ ಪ್ರಮುಖರು.

ಮೆಚ್ಚುಗೆ

ಕೊಲೆ, ದರೋಡೆಗಳ ಕಥೆಯಾದರೂ ಅಶ್ಲೀಲತೆಗೆ ಎಡೆಗೊಡದ ನಿರೂಪಣೆ, ಸುಲಭವಾಗಿ ಓದಿಸಿಕೊಂಡು ಹೋಗುವ ಗ್ರಾಂಥಿಕ ಭಾಷೆ ಹಾಗೂ ಕೊನೆಯವರೆಗೂ ಉಳಿಯುವ ಕುತೂಹಲವನ್ನು ಓದುಗರು ಮೆಚ್ಚಿದ್ದಾರೆ. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಗ್ರಂಥಾಲಯಗಳಲ್ಲಿ ಇವುಗಳಿಗೆ ಬೇಡಿಕೆಯಿತ್ತು.

ಆಕ್ಷೇಪ

ಕಥಾಹಂದರ ಒಂದೇ ಬಗೆಯದು, ಪಾತ್ರಗಳಿಗೆ ಮನೋವಿಶ್ಲೇಷಣೆಯ ಆಳವಿಲ್ಲ ಎಂಬುದು ಮುಖ್ಯ ಆಕ್ಷೇಪ. ಸಾಹಿತ್ಯ ವಿಮರ್ಶೆಯು ಈ ಕೃತಿಗಳನ್ನು ಬಹುಕಾಲ ಗಂಭೀರವಾಗಿ ಪರಿಗಣಿಸಲಿಲ್ಲ.

ಮಹತ್ವ

ಪಠ್ಯಪುಸ್ತಕದಾಚೆಗೆ ತಾವು ಓದಿದ ಮೊದಲ ಕನ್ನಡ ಪುಸ್ತಕ ನರಸಿಂಹಯ್ಯನವರದೆಂದು ಹಳೆಯ ತಲೆಮಾರಿನ ಅನೇಕರು ನೆನೆಯುತ್ತಾರೆ. ಹೀಗೆ ಓದಿನ ರುಚಿ ಹತ್ತಿದವರು ಮುಂದೆ ಕುವೆಂಪು, ಶಿವರಾಮ ಕಾರಂತ ಮೊದಲಾದವರ ಕೃತಿಗಳತ್ತ ಹೊರಳಿದರು. ಅಕ್ಷರ ಕಲಿತವರನ್ನು ಓದುಗರನ್ನಾಗಿಸಿದ್ದೇ ಈ ಕಾದಂಬರಿಗಳ ಮುಖ್ಯ ಕೊಡುಗೆಯೆಂದು ಪರಿಗಣಿಸಲಾಗುತ್ತದೆ.