ಕರುಳಿನ ಉರಿಯೂತ: ನೋವು ಹೋದರೆ ಸಾಲದು, ಹುಣ್ಣು ಮಾಯಬೇಕು

ಇದು ಊಟದ ಹೊತ್ತಿಗೆ ಓದುವ ವಿಷಯವಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಆದರೆ ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ ಎಂಬ ಕಾರಣಕ್ಕೇ ಈ ಕಾಯಿಲೆ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ಇದರ ಹೆಸರು ಇನ್‌ಫ್ಲಮೇಟರಿ ಬವೆಲ್ ಡಿಸೀಸ್, ಚಿಕ್ಕದಾಗಿ ಐಬಿಡಿ. ಕನ್ನಡದಲ್ಲಿ ಕರುಳಿನ ಉರಿಯೂತ ಎನ್ನೋಣ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಹಿಡಿಯುತ್ತದೆ. ಗುದದ್ವಾರದ ಬಳಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ಅದರಿಂದ ಕರುಳು ಕಿರಿದಾಗುವುದು, ತೂತು ಬೀಳುವುದು ಉಂಟು. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ ಇದನ್ನು ವಿವರಿಸಿದ್ದರಿಂದ ಆ ಹೆಸರು ಬಂತು. ಐಬಿಎಸ್ ಎಂದು ನೀವು ಕೇಳಿರುವುದು ಬೇರೆ ತೊಂದರೆ. ಅಲ್ಲಿ ಹೊಟ್ಟೆ ಕೆಡುತ್ತದೆ, ಆದರೆ ಕರುಳಿನಲ್ಲಿ ಹುಣ್ಣಾಗುವುದಿಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣ ನೋಡುವ ಪರೀಕ್ಷೆಯಿಂದ ಎರಡರ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ತಿಳಿಯುತ್ತದೆ.

ಡೊಂಬಿವಲಿಯಿಂದ ಫೋರ್ಟಿಗೆ ದಿನಾ ಲೋಕಲ್ ಹಿಡಿಯುವವರಿಗೆ ಇದರ ಕಷ್ಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲೋಕಲ್ ಗಾಡಿಯಲ್ಲಿ ಶೌಚಾಲಯವೇ ಇಲ್ಲ. ದಿನಕ್ಕೆ ಎಂಟು ಹತ್ತು ಸಲ ಭೇದಿ, ಜೊತೆಗೆ ರಕ್ತ, ಲೋಳೆ. ಇಳಿದು ಓಡಲೇಬೇಕಾದ ಅವಸರ. ಬರುವುದೂ ಹೆಚ್ಚಾಗಿ ದುಡಿಯುವ ಪ್ರಾಯದಲ್ಲೇ. ರಕ್ತ ಕಂಡ ಕೂಡಲೆ ಮೂಲವ್ಯಾಧಿ ಎಂದುಕೊಂಡು ಮುಲಾಮು ತರುವುದು, ಭೇದಿಯೆಂದರೆ ಆಮಶಂಕೆಯ ಮಾತ್ರೆ ನುಂಗುವುದು ನಮ್ಮಲ್ಲಿ ಮಾಮೂಲು. ವಾರಗಟ್ಟಲೆ ನಿಲ್ಲದ ಭೇದಿ, ರಕ್ತ, ತೂಕ ಇಳಿಯುವುದು ಇವು ಒಟ್ಟಿಗಿದ್ದರೆ ಔಷಧದ ಅಂಗಡಿಗಲ್ಲ, ಜಠರ-ಕರುಳಿನ ತಜ್ಞರ ಬಳಿಗೆ ಹೋಗಬೇಕು.

ಕಾಯಿಲೆ ಏಕೆ ಬರುತ್ತದೆ? ಕರುಳಿನಲ್ಲಿ ನಮ್ಮೊಡನೆ ಹೊಂದಿಕೊಂಡು ಬಾಳುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವುಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆ ಸುಮ್ಮಸುಮ್ಮನೆ ಯುದ್ಧ ಸಾರಿದಂತೆ ಇದು. ವಂಶವಾಹಿಗಳ ಪಾಲು ಸ್ವಲ್ಪ, ಬದುಕುವ ರೀತಿಯ ಪಾಲು ಸ್ವಲ್ಪ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ ಭಾರತೀಯ ಮೂಲದವರಲ್ಲಿ ಕೊಲೈಟಿಸ್ ಅಲ್ಲಿನ ಬಿಳಿಯರಿಗಿಂತಲೂ ಹೆಚ್ಚು ಎಂದು 1992ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಊರು ಬಿಟ್ಟವರ ಹೊಟ್ಟೆಯೂ ಬದಲಾಗುತ್ತದೆ ಎಂದಾಯಿತು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಅವಳಿ ಜವಳಿ. ಎರಡೂ ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲೇ ಬರುತ್ತವೆ, ಎರಡರಲ್ಲೂ ಹುಣ್ಣು, ಎರಡರಲ್ಲೂ ಬಯಾಪ್ಸಿಯಲ್ಲಿ ಗಂಟು ಕಾಣಬಹುದು. ಹೀಗಾಗಿ ಅನುಮಾನ ಉಳಿದರೆ ವೈದ್ಯರು ಮೊದಲು ಕ್ಷಯದ ಔಷಧ ಕೊಟ್ಟು, ಎರಡು ಮೂರು ತಿಂಗಳಲ್ಲಿ ಮತ್ತೆ ಕೊಲೊನೋಸ್ಕೋಪಿ ಮಾಡಿ ನೋಡುತ್ತಾರೆ. ಕ್ಷಯವಾದರೆ ಅಷ್ಟರಲ್ಲಿ ಹುಣ್ಣು ಮಾಯುತ್ತದೆ. ಮಾಯದಿದ್ದರೆ ಕ್ರೋನ್ಸ್ ಎಂಬ ಅನುಮಾನ ಬಲವಾಗುತ್ತದೆ. ಆ ಎರಡನೆಯ ಕೊಲೊನೋಸ್ಕೋಪಿಯನ್ನು ತಪ್ಪಿಸಿಕೊಳ್ಳಬೇಡಿ. ‘ಸ್ವಲ್ಪ ವಾಸಿ’ ಎಂಬ ಭಾವನೆಯ ಮೇಲೆ ವರ್ಷವೆಲ್ಲ ಕ್ಷಯದ ಮಾತ್ರೆ ನುಂಗುತ್ತಾ ಕುಳಿತರೆ, ಒಳಗೆ ಕರುಳು ಕಿರಿದಾಗುತ್ತಿರಬಹುದು.

ಈಗ ಚಿಕಿತ್ಸೆಗೆ ಬರೋಣ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ತೀವ್ರ ಕೊಲೈಟಿಸ್‌ನಲ್ಲಿ ಕಾರ್ಟಿಸೋನ್ ಜೀವ ಉಳಿಸುತ್ತದೆ ಎಂದು ತೋರಿಸಿದರು. ಸ್ಟಿರಾಯ್ಡ್ ಇಂದಿಗೂ ಬೆಂಕಿ ಆರಿಸುವ ನೀರು. ಆದರೆ ಬೆಂಕಿ ಆರಿದ ಮೇಲೂ ಮನೆಗೆ ನೀರು ಸುರಿಯುತ್ತಲೇ ಇರಲಾಗದು. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತಿಂದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ತಟ್ಟನೆ ನಿಲ್ಲಿಸುವುದೂ ಅಪಾಯ, ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು.

1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ಉರಿಯೂತ ಹೊತ್ತಿಸುವ ಟಿಎನ್‌ಎಫ್ ಎಂಬ ಅಣುವನ್ನು ಇದು ತಡೆಯುತ್ತದೆ. ಅದರ ನಂತರ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಇಂಜೆಕ್ಷನ್‌ಗಳೂ, ಟೊಫಾಸಿಟಿನಿಬ್‌ನಂಥ ಮಾತ್ರೆಗಳೂ ಬಂದವು. ನಮ್ಮ ದೇಶದ ಕಂಪನಿಗಳೇ ತಯಾರಿಸತೊಡಗಿದ ಮೇಲೆ ಬೆಲೆಯೂ ಇಳಿದಿದೆ, ಆದರೂ ಹಗುರವೇನಲ್ಲ. ಒಂದು ಎಚ್ಚರಿಕೆ: ದೇಹವು ಒಳಗೆ ಅಡಗಿದ ಕ್ಷಯದ ಕ್ರಿಮಿಗಳ ಸುತ್ತ ಕಟ್ಟಿದ ಬೇಲಿಗೂ ಅದೇ ಟಿಎನ್‌ಎಫ್ ಬೇಕು. ಆದ್ದರಿಂದ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಮಾಡಿಸದೆ ಈ ಇಂಜೆಕ್ಷನ್ ಶುರು ಮಾಡಿಸಿಕೊಳ್ಳಬಾರದು.

ಔಷಧಕ್ಕಿಂತ ದೊಡ್ಡ ಬದಲಾವಣೆ ಗುರಿಯಲ್ಲಿ ಆಗಿದೆ. ಮೊದಲೆಲ್ಲ ಭೇದಿ ನಿಂತರೆ, ನೋವು ಹೋದರೆ ಗೆದ್ದಂತೆ. ಈಗ ಹಾಗಲ್ಲ, ಒಳಗಿನ ಹುಣ್ಣು ಮಾಯಬೇಕು ಎನ್ನುತ್ತಾರೆ. ರೋಗಿ ಆರಾಮವಾಗಿದ್ದಾಗಲೂ ಹುಣ್ಣು ಹಾಗೇ ಇರಬಹುದು. 2024ರಲ್ಲಿ ಬ್ರಿಟನ್ನಿನಲ್ಲಿ ‘ಪ್ರೊಫೈಲ್’ ಎಂಬ ಅಧ್ಯಯನದ ಫಲಿತಾಂಶ ಬಂತು. ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಜನರಲ್ಲಿ ಅರ್ಧದಷ್ಟು ಜನರಿಗೆ ಆರಂಭದಲ್ಲೇ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರು, ಉಳಿದವರಿಗೆ ವಾಡಿಕೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಚಿಕಿತ್ಸೆ. ಒಂದು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ 79 ಜನ ಸ್ಟಿರಾಯ್ಡ್ ಇಲ್ಲದೆ, ಆಪರೇಷನ್ ಇಲ್ಲದೆ ಚೆನ್ನಾಗಿದ್ದರು. ಎರಡನೆಯದರಲ್ಲಿ ಕೇವಲ 15. ತಮಾಷೆಯೆಂದರೆ, ಯಾರಿಗೆ ಯಾವ ಚಿಕಿತ್ಸೆ ಎಂದು ಹೇಳಬಲ್ಲ ರಕ್ತಪರೀಕ್ಷೆಯೊಂದನ್ನು ಒರೆಗೆ ಹಚ್ಚುವುದು ಆ ಅಧ್ಯಯನದ ಮೂಲ ಉದ್ದೇಶವಾಗಿತ್ತು. ಆ ಪರೀಕ್ಷೆ ಉಪಯೋಗಕ್ಕೆ ಬರಲಿಲ್ಲ, ಬದಲಿಗೆ ಇದು ಸಿಕ್ಕಿತು!

ದೆಹಲಿಯ ಕೇಳುಗರಿಗೆ ಹತ್ತಿರದ ಸುದ್ದಿಯೊಂದಿದೆ. ಏಮ್ಸ್‌ನ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಳ್ಳಿಯ ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರಾವಣವನ್ನು ಕೊಲೈಟಿಸ್ ರೋಗಿಗಳ ಕರುಳಿಗೆ ವಾರಕ್ಕೊಮ್ಮೆಯಂತೆ ಏಳು ವಾರ ಹಾಕಿದರು. ಮೂಗು ಮುರಿಯಬೇಡಿ, ಅದರಲ್ಲಿರುವ ಸೂಕ್ಷ್ಮಜೀವಿಗಳೇ ಇಲ್ಲಿ ಔಷಧ. ಜೊತೆಗೆ ಪಥ್ಯ: ಗೋಧಿ, ಹಾಲು, ಸಕ್ಕರೆ, ಸಂಸ್ಕರಿಸಿದ ತಿಂಡಿ ಬಿಟ್ಟು ಹಣ್ಣು ತರಕಾರಿ ಹೆಚ್ಚು. ಎಂಟನೆಯ ವಾರ ಇವರಲ್ಲಿ ನೂರಕ್ಕೆ 60 ಜನರ ಕಾಯಿಲೆ ಹತೋಟಿಗೆ ಬಂದಿತ್ತು, ಮಾಮೂಲು ಔಷಧ ಪಡೆದವರಲ್ಲಿ ಸುಮಾರು 32. ಆದರೆ ಇದ್ದವರು ಒಟ್ಟು 66 ರೋಗಿಗಳು, ಅವರದೂ ತೀವ್ರವಲ್ಲದ ಕಾಯಿಲೆ. ಅಕ್ಕಿ, ರಾಗಿ, ಜೋಳ ಉಂಡು ಬೆಳೆದ ನಮಗೆ ಗೋಧಿ ಬಿಡುವುದು ಕಷ್ಟವಲ್ಲ ನಿಜ. ಹಾಗೆಂದು ಔಷಧ ಬಿಟ್ಟು ಪಥ್ಯವೊಂದನ್ನೇ ನಂಬಬೇಡಿ.

ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯವರು 2024ರಲ್ಲಿ ಇಟಿಎಸ್2 ಎಂಬ ವಂಶವಾಹಿ ಉರಿಯೂತದ ಮುಖ್ಯ ಗುಂಡಿಯಂತೆ ಕೆಲಸ ಮಾಡುತ್ತದೆ ಎಂದು ಕಂಡುಕೊಂಡಿದ್ದಾರೆ. ಕ್ಯಾನ್ಸರಿನ ಕೆಲವು ಔಷಧಗಳಿಂದ ಅದನ್ನು ತಗ್ಗಿಸಬಹುದು ಎಂಬುದು ಪ್ರಯೋಗಾಲಯದ ಮಾತು. ಔಷಧದ ಅಂಗಡಿಗೆ ಬರಲು ಇನ್ನೂ ದೂರವಿದೆ.

ಕೊನೆಗೆ, ಕೈಯಲ್ಲಿರುವ ಔಷಧದ ಬಗ್ಗೆ. ಸೌಮ್ಯ ಕೊಲೈಟಿಸ್‌ನ ಹೆಚ್ಚಿನವರಿಗೆ ಮೆಸಲಮೈನ್ ಸಾಕಾಗುತ್ತದೆ. ಆರಾಮವಾದ ಮೇಲೆ ಅದನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ಕಾಯಿಲೆ ಮರುಕಳಿಸುವ ಸಂಭವ ಐದು ಪಟ್ಟಿಗೂ ಹೆಚ್ಚು ಎಂದು 2003ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಎಂಟು ವರ್ಷ ದಾಟಿದ ಕೊಲೈಟಿಸ್ ಇರುವವರು ಕ್ಯಾನ್ಸರ್ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಹೇಳಿದ ಅವಧಿಗೆ ಕೊಲೊನೋಸ್ಕೋಪಿ ಮಾಡಿಸಬೇಕು. ಪುಣೆಯಿಂದ ಹೈದರಾಬಾದಿಗೆ ವರ್ಗವಾದರೆ ಹಳೆಯ ಕೊಲೊನೋಸ್ಕೋಪಿ ವರದಿ, ಬಯಾಪ್ಸಿಯ ಸ್ಲೈಡುಗಳನ್ನು ಕೇಳಿ ಪಡೆದುಕೊಂಡೇ ಹೊರಡಿ. ರಜೆಗೆ ಊರಿಗೆ ಹೋಗುವಾಗ ಮಾತ್ರೆ ಹದಿನೈದು ದಿನಕ್ಕೆ ಹೆಚ್ಚೇ ಇರಲಿ; ಈ ಮಾತ್ರೆಗಳು ಎಲ್ಲ ತಾಲ್ಲೂಕು ಊರುಗಳಲ್ಲೂ ಸಿಗುವಂಥವಲ್ಲ.